ಎಲ್ಲಿಯೂ ತಾಳೆಯಾಗದ ಒಂದು ಜಾರ್ ಫೈಲು

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಒಬ್ಬ ದಲಾಲರ ಅಂಗಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ಜಾವಾದ್ದು, ಬರೆದವರು ಊರು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಲಿಬ್ ಫೋಲ್ಡರ್ ತೆರೆದರೆ 43 ಜಾರ್ ಫೈಲು, ಅಂದರೆ ಜಾವಾ ಕೋಡ್ ಕಟ್ಟಿಟ್ಟ ಗಂಟುಗಳು. ಹೆಸರುಗಳೋ 'ನ್ಯೂ', 'ನ್ಯೂ2', 'ಫೈನಲ್', 'ಫೈನಲ್ ಓಕೆ'. ಯಾವುದು ಯಾವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಅಂತ ಹೇಳೋರೇ ಇಲ್ಲ.

ಹೆಸರು ಏನೇ ಇಟ್ಟರೂ ಒಳಗಿನ ಬೈಟ್‌ಗಳು ಅವೇ ಇದ್ದರೆ ಹ್ಯಾಶ್, ಅಂದರೆ ಆ ಬೈಟ್‌ಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು, ಬದಲಾಗುವುದಿಲ್ಲ. ಜಾವಾ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಮಾವೆನ್ ಸೆಂಟ್ರಲ್‌ನಲ್ಲಿ ಶಾ-1 (ಒಂದು ಬಗೆಯ ಹ್ಯಾಶ್) ಹಾಕಿ ಹುಡುಕಿದರೆ ಜಾರ್‌ನ ನಿಜವಾದ ಹೆಸರು, ಆವೃತ್ತಿ ಎರಡೂ ಸಿಗುತ್ತವೆ. ನನಗೆ ಮಾತ್ರ ಮೊದಲು ಒಂದೂ ಸಿಗಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಹ್ಯಾಶ್ ತೆಗೆಯಲು ಬಳಸಿದ ವಿಂಡೋಸ್‌ನ ಪವರ್‌ಶೆಲ್‌ಗೆ ಯಾವ ಬಗೆ ಅಂತ ಬಿಡಿಸಿ ಹೇಳದಿದ್ದರೆ ಅದು ಶಾ-256 ಕೊಡುತ್ತದೆ, 64 ಅಕ್ಷರ. ಶಾ-1 ಅಂದರೆ 40. ಸುಮ್ನೆ ಎಣಿಸಿದ್ದರೂ ಗೊತ್ತಾಗುತ್ತಿತ್ತು, ಅಲ್ವಾ?

ಸರಿಮಾಡಿ ಮತ್ತೆ ಓಡಿಸಿದೆ. 'ನ್ಯೂ2'ರ ಹ್ಯಾಶ್ 5ಎಎಫ್35056 ಅಂತ ಶುರುವಾಗಿತ್ತು. ಪ್ರೋಗ್ರಾಮಿನ ಆಗುಹೋಗು ಬರೆದಿಡುವ ಲೈಬ್ರರಿ, ಲಾಗ್4ಜೆ 1.2.17! ಗಿರ್ಮಿಟ್ ತಿಂದು ಬರುವಷ್ಟರಲ್ಲಿ 39 ಫೈಲುಗಳ ಗುರುತು ಸಿಕ್ಕಿತ್ತು. (2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧನಾ ಸಂಸ್ಥೆ ಸಿಡಬ್ಲ್ಯುಐ ಸೇರಿ, ಒಂದೇ ಶಾ-1 ಬರುವ ಎರಡು ಬೇರೆ ಬೇರೆ ಪಿಡಿಎಫ್ ಮಾಡಿ ತೋರಿಸಿದ್ದಾರೆ. ಹಾಗಾಗಿ ಹಳೇ ಜಾರ್‌ನ ಹೆಸರು ಪತ್ತೆಗೆ ಶಾ-1 ಸಾಕು, ಭದ್ರತೆಗೆ ಅದನ್ನು ನಂಬಲ್ಲ.) ಉಳಿದ ನಾಲ್ಕರಲ್ಲಿ ಮೂರು ಅವರದೇ ಕೋಡ್.

ನಾಲ್ಕನೆಯದು 'ಫೈನಲ್ ಓಕೆ'. ಜಾರ್ ಅಂದರೆ ಜಿಪ್ ತಾನೇ, ಬಿಚ್ಚಿದೆ. ಒಳಗೆ ಹೆಸರು, ಆವೃತ್ತಿ ಬರೆದಿಡುವ ಪಾಮ್ ಪ್ರಾಪರ್ಟೀಸ್ ಫೈಲಿನಲ್ಲಿ ಲಾಗ್4ಜೆ ಕೋರ್ 2.14.1 ಎಂದಿತ್ತು. ಆದರೆ ಹ್ಯಾಶ್ ಬೇರೆ. ಎದೆ ಧಸಕ್ಕೆಂದಿತು. ಯಾರಾದರೂ ಏನಾದರೂ ತುರುಕಿದ್ದಾರಾ? ಅಸಲಿ 2.14.1 ಇಳಿಸಿಕೊಂಡು ಅದನ್ನೂ ಬಿಚ್ಚಿ, ಎರಡರ ಒಳಗಿನ ಒಂದೊಂದು ಫೈಲಿನ ಹ್ಯಾಶ್ ತೆಗೆದು ಅಕ್ಕಪಕ್ಕ ಇಟ್ಟೆ. ಎಲ್ಲ ಅವೇ. ಜಾಸ್ತಿ ಏನೂ ಇಲ್ಲ, ಒಂದೇ ಒಂದು ಕಡಿಮೆ: ಹೊರಗಿನ ಸರ್ವರ್‌ನಿಂದಲೂ ಮಾಹಿತಿ ತರಬಲ್ಲ ಕೋಡಿನ ತುಂಡು, ಜೆಎನ್‌ಡಿಐ ಲುಕಪ್ ಕ್ಲಾಸ್.

2021ರ ಡಿಸೆಂಬರ್‌ನಲ್ಲಿ ಹೊರಗಿನವರು ತಮ್ಮ ಕೋಡ್ ಓಡಿಸಲು ಬಿಡುವ ಲಾಗ್4ಜೆಯ ಲಾಗ್4ಶೆಲ್ ದೋಷ ಹೊರಬಿದ್ದಾಗ, ಆವೃತ್ತಿ ಬದಲಿಸಲು ಆಗದವರು ಜಾರ್‌ನಿಂದ ತೆಗೆಯಬೇಕಿದ್ದ ಕ್ಲಾಸ್ ಅದೇ! ಅಂದರೆ ಹ್ಯಾಶ್ ತಾಳೆಯಾಗಿದ್ದರೇ ನಾನು ಹೆದರಬೇಕಿತ್ತು.

ದೋಷ ಸರಿಪಡಿಸಿದ 2.17.1ಕ್ಕೆ ಬೇಕಾದ ಜಾವಾ 8 ಇತ್ತು, ಹಾಗಾಗಿ ಲಾಗ್4ಜೆಯ ಕೋರ್, ಎಪಿಐ ಎರಡು ಜಾರ್‌ಗಳನ್ನೂ ಅದಕ್ಕೆ ಏರಿಸಿದೆ. ಆ ಕ್ಲಾಸ್ ತೆಗೆದವರು ಯಾರು ಅಂತ ದಲಾಲರನ್ನು ಕೇಳಿದೆ.

"ಯಾವನೋ ಹುಡುಗ ಬಂದು ಎರಡು ನಿಮಿಷ ಏನೋ ಒತ್ತಿ ಹೋದನ್ರೀ. ರೊಕ್ಕಾನೂ ತಗೊಳ್ಳಲಿಲ್ಲ."