ಹವಳದ ಕೊಂಬೆಯಲ್ಲಿ ಹಳದಿ ಗೋಬಿ

ಟೆಕ್ಸಾಸ್‌ನಲ್ಲಿರುವ ನಮ್ಮ ಮನೆಯ, ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿಗೆ ಮೀನು ಆರಿಸುವಾಗ, ಇಡೀ ತೊಟ್ಟಿ ಸುತ್ತುವ ಮೀನು ನನಗೆ ಬೇಕಿರಲಿಲ್ಲ. ಒಂದೆಡೆ ಕುಳಿತು ಸಂಸಾರ ಮಾಡುವಂಥದ್ದು ಬೇಕಿತ್ತು. ಹಳದಿ ಕ್ಲೌನ್ ಗೋಬಿ ಅಂಥ ಮೀನು. ಪಶ್ಚಿಮ ಪೆಸಿಫಿಕ್‌ನ ಈ ಪುಟಾಣಿಯ ಉದ್ದ ಹೆಚ್ಚೆಂದರೆ ಮೂರೂವರೆ ಸೆಂಟಿಮೀಟರ್. ಸಮುದ್ರದಲ್ಲಿಯೂ ಅದರ ವಾಸ ಅಕ್ರೋಪೊರಾ ಹವಳದ ಕೊಂಬೆಗಳ ನಡುವೆಯೇ.

ಹಾಗಾಗಿ ಮೊದಲು ಹವಳ, ಆಮೇಲೆ ಮೀನು. ಸಮುದ್ರದಿಂದ ಕಿತ್ತದ್ದಲ್ಲದ, ತೊಟ್ಟಿಗಳಲ್ಲೇ ಬೆಳೆಸಿದ ಅಕ್ರೋಪೊರಾ ತುಂಡುಗಳನ್ನು ತಂದು ಬಂಡೆಗೆ ಅಂಟಿಸಿದೆ. ನೀರಿನ ಉಪ್ಪಿನಂಶ ತೋರಿಸುವ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25–26 ಡಿಗ್ರಿ, ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಆಸುಪಾಸು. ಅಂಕಿ ಎಷ್ಟು ಎನ್ನುವುದಕ್ಕಿಂತ ಅದು ಏರಿಳಿಯದೆ ಒಂದೇ ಸಮ ಇರುವುದು ಮುಖ್ಯ. ಕೊಂಬೆಯ ತುದಿಗಳು ಬೆಳೆಯತೊಡಗಿದ ಮೇಲೆ ಒಂದು ಜೋಡಿ ಗೋಬಿ ತಂದೆ. ಜೋಡಿಗಾಗಿ ಗಂಡು ಹೆಣ್ಣು ಗುರುತಿಸುವ ತಾಪತ್ರಯವಿಲ್ಲ. ಅಗತ್ಯ ಬಿದ್ದರೆ ಅವು ಎರಡೂ ದಿಕ್ಕಿನಲ್ಲಿ ಲಿಂಗ ಬದಲಿಸಿಕೊಳ್ಳುತ್ತವೆ.

ಕಷ್ಟವಿರುವುದು ಊಟದಲ್ಲಿ. ಗೋಬಿ ಆಹಾರವನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಮುಂದೆ ತೇಲಿ ಬಂದರೆ ಬಾಯಿ ಹಾಕುತ್ತದೆ. ಚುರುಕಾದ ಮೀನುಗಳ ನಡುವೆ ಸುಮ್ಮನೆ ಬಿಟ್ಟರೆ ಹೊಟ್ಟೆ ಒಳಸೇರಿ ಸಾಯುತ್ತದೆ. ಅಂಗಡಿಯವನಿಗೆ ಹೇಳಿ ಕಣ್ಣೆದುರೇ ಆಹಾರ ಹಾಕಿಸಿ, ತಿಂದದ್ದನ್ನು ನೋಡಿಯೇ ಕೊಂಡೆ. ಮನೆಯಲ್ಲಿ ಪಂಪ್ ನಿಲ್ಲಿಸಿ, ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳನ್ನೂ ಹೆಪ್ಪುಗಟ್ಟಿಸಿದ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿಗಳನ್ನೂ ಪಿಪೆಟ್ ಎಂಬ ಸಣ್ಣ ಕೊಳವೆಯಿಂದ ಅವುಗಳ ಕೊಂಬೆಯ ಮೇಲೆಯೇ ಬಿಡುತ್ತೇನೆ. ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ. ದೊಡ್ಡ ಮೀನುಗಳ ಭಯ ಅಷ್ಟಾಗಿ ಇಲ್ಲ, ಇವುಗಳ ಮೈಯ ಲೋಳೆಯಲ್ಲಿ ವಿಷವಿದೆ.

ಮೊಟ್ಟೆ ಇಡುವ ಮುನ್ನ ಜೋಡಿ ಕೊಂಬೆಯ ಜೀವಂತ ಪೊರೆಯನ್ನು ಕಚ್ಚಿ ಕಿತ್ತು ಬಿಳಿಯ ಪಟ್ಟಿ ಮಾಡುತ್ತದೆ. ಅದಕ್ಕೇ ಮೊಟ್ಟೆ ಅಂಟಿಸಿ ಗಂಡು ಕಾವಲು ಕೂರುತ್ತದೆ. ದುಬಾರಿ ಹವಳ ಸಾಕುವವರು ಇದಕ್ಕಾಗಿಯೇ ಗೋಬಿಯನ್ನು ಬೈಯುತ್ತಾರೆ. ನನಗೆ ಆ ಕೋಪ ಅರ್ಥವಾಗುವುದಿಲ್ಲ. ಇದೇ ಕುಲದ ಇನ್ನೊಂದು ಗೋಬಿ, ವಿಷಕಾರಿ ಪಾಚಿ ತಾಗಿದ ಹವಳ ಹೊರಸೂಸುವ ರಾಸಾಯನಿಕವನ್ನು ಗ್ರಹಿಸಿ, ಬಂದು ಆ ಪಾಚಿಯನ್ನು ಕತ್ತರಿಸುತ್ತದೆಂದು ಫಿಜಿಯಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ನನ್ನ ತೊಟ್ಟಿಯಲ್ಲಿ ಅಂಥ ಉಪಕಾರವೇನೂ ಕಂಡಿಲ್ಲ; ಬಾಡಿಗೆ ಕೊಡದ ಬಾಡಿಗೆದಾರರು! ಬೇಗ ಬೆಳೆಯುವ ದೊಡ್ಡ ಹವಳವೊಂದನ್ನು ಅವುಗಳಿಗೇ ಬಿಟ್ಟು, ಎಳೆಯ ತುಂಡುಗಳನ್ನು ಬೇರೆ ತೊಟ್ಟಿಗೆ ಸಾಗಿಸಿದ್ದೇನೆ. ಅವು ಕಿತ್ತ ಬಿಳಿಯ ಪಟ್ಟಿಗೆ ಪಾಚಿ ಹಿಡಿದರೆ, ಅದರ ಕೆಳಗೆ ಆರೋಗ್ಯವಾಗಿರುವ ಜಾಗಕ್ಕೆ ಕತ್ತರಿ ಹಾಕಿದರೆ ಕೊಂಬೆ ಮತ್ತೆ ಚಿಗುರುತ್ತದೆ.

ಬೆಂಗಳೂರಿನ ಗೆಳೆಯರು ತಾವೂ ಮಾಡಬಹುದೇ ಎಂದು ಕೇಳುತ್ತಾರೆ. ಬಂಡೆ ಕಟ್ಟುವ ಹವಳಗಳು ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಎಂದರೆ ಅತಿ ಹೆಚ್ಚು ರಕ್ಷಣೆ ಪಡೆದ ಜೀವಿಗಳ ಪಟ್ಟಿಯಲ್ಲಿವೆ. ಹಾಗಾಗಿ ಬೇಡವೆಂದೇ ಹೇಳುತ್ತೇನೆ.