ಲಂಡನ್ನಿಗೆ ಪಂಚಮಿ ಉಂಡಿ ಕಳಿಸೋರಿಗೆ

ನಾವು ಕೊಪ್ಪಳದವರು, ಮಗಳು ಲಂಡನ್ನಿನಲ್ಲಿದ್ದಾಳೆ. ನಾಗರ ಪಂಚಮಿಗೆ ಊರಿಂದ ಹೋಗುವವರ ಕೈಲಿ ಉಂಡಿ ಕಳಿಸುತ್ತೇನೆ. ಮೊದಲ ಸಲ ಹಾಲಿನ ರವೆ ಉಂಡಿ ಕಟ್ಟಿಕೊಟ್ಟೆ, ವಿಮಾನ ನಿಲ್ದಾಣದಲ್ಲೇ ತೆಗೆಸಿದರು. ಭಾರತದಿಂದ ಬ್ರಿಟನ್ನಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಪೇಡಾ, ಖೋವಾ, ತುಪ್ಪ ಎಲ್ಲ ಬಿಡಿ.

ಈಗ ಶೇಂಗಾ ಉಂಡಿ, ಎಳ್ಳುಂಡಿ ಮಾತ್ರ. ತುಪ್ಪ ಹಾಕದೆ, ಬರೀ ಬೆಲ್ಲದ ಆಣದಲ್ಲಿ. ಆಣದ ಹನಿ ನೀರಿಗೆ ಬಿಟ್ಟರೆ ಕರಗದೆ ಮುದ್ದೆಯಾಗಬೇಕು. ಅದಕ್ಕಿಂತ ಜಾಸ್ತಿ ಕಾಯಿಸಿದರೆ ಕಲ್ಲು, ಹಲ್ಲಿಗೆ ಕೆಲಸ! ಉಂಡಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಇದ್ದರೆ ಒಳಗೆ ನೀರಾಡುತ್ತದೆ, ಬೂಸ್ಟು ಬರುತ್ತದೆ. ಖಟಕ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿಪುಡಿಯನ್ನೂ ಜೊತೆಗಿಡಿ. ರೊಟ್ಟಿ ಗಟ್ಟಿ ಡಬ್ಬಿಯಲ್ಲೇ ಇರಲಿ, ಇಲ್ಲದಿದ್ದರೆ ಅಲ್ಲಿ ಮುಟ್ಟುವುದು ಬರೀ ಪುಡಿ.

ಡಬ್ಬಿ ಮೇಲೆ ಶೇಂಗಾ ಇದೆ ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ಕೆಲವರಿಗೆ ಶೇಂಗಾ ಅಲರ್ಜಿ ಜೀವಕ್ಕೇ ಕುತ್ತು. ಕೇಳದೆ ಅಕ್ಕಪಕ್ಕದ ಮಕ್ಕಳಿಗೆ ಹಂಚಬಾರದು.

ಮಗಳು ಹಬ್ಬದ ಬೆಳಿಗ್ಗೆ ಮಣ್ಣಿನ ನಾಗಪ್ಪನಿಗೆ ಹಾಲೆರೆದು ಕೆಲಸಕ್ಕೆ ಹೋಗುತ್ತಾಳೆ. ಜೋಕಾಲಿ ಮಾತ್ರ ಭಾನುವಾರ, ಪಾರ್ಕಿನಲ್ಲಿ.