ಕಾಲೇಜಿಗೆ ಲ್ಯಾಪ್‌ಟಾಪ್: ಮೊದಲು ರ‍್ಯಾಮ್ ಸ್ಲಾಟ್ ನೋಡಿ
ರ‍್ಯಾಮ್ ಎಂದರೆ ಯಂತ್ರದ ಕೆಲಸದ ಮೆಮೊರಿ, ಅದರ ಪಟ್ಟಿ ಕೂರುವ ಜಾಗವೇ ಸ್ಲಾಟ್. ಅಂಗಡಿಯ ವಿಂಡೋಸ್ ಡೆಮೊ ಪೀಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ತೆರೆಯಿರಿ. ‘ಸ್ಲಾಟ್ಸ್ ಯೂಸ್ಡ್: 1 ಆಫ್ 2’, ‘ಫಾರ್ಮ್ ಫ್ಯಾಕ್ಟರ್: ಸೋಡಿಮ್’ (ಬಿಚ್ಚಿ ಹಾಕಬಹುದಾದ ಮೆಮೊರಿ ಪಟ್ಟಿ) ಎಂದಿದ್ದರೆ ಈಗ 8 ಜಿಬಿ ಸಾಕು, ಮುಂದೆ ಕೋಡಿಂಗ್, ಕ್ಯಾಡ್ (ಕಂಪ್ಯೂಟರಿನಲ್ಲಿ ವಿನ್ಯಾಸ) ಭಾರ ಹೆಚ್ಚಿದಾಗ ಇನ್ನೊಂದು 8 ಜಿಬಿ ಹಾಕಿಸಬಹುದು. ಆಗ ಡ್ಯುಯಲ್ ಚಾನೆಲ್ (ಎರಡೂ ಪಟ್ಟಿಗಳು ಒಟ್ಟಿಗೆ ಡೇಟಾ ಸಾಗಿಸುವುದು) ಆಗುವುದರಿಂದ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರವೂ ಚುರುಕಾಗುತ್ತದೆ. ‘ರೋ ಆಫ್ ಚಿಪ್ಸ್’ ಎಂದು ಕಂಡರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ ಎಂದರ್ಥ, ಮೊದಲೇ 16 ಜಿಬಿ ತಗೊಳ್ಳಿ. ಸ್ಲಾಟ್ ಎಣಿಕೆಯನ್ನಷ್ಟೇ ನಂಬಬೇಡಿ (ಸೇಲ್ಸ್‌ಮನ್ ಮಾತನ್ನಂತೂ ಬೇಡವೇ ಬೇಡ): ಬೆಸುಗೆ ಹಾಕಿದ ಚಿಪ್‌ಗಳನ್ನೂ ಕೆಲವು ಮಾದರಿಗಳು ಸ್ಲಾಟ್ ಎಂದೇ ತೋರಿಸುತ್ತವೆ. ರ‍್ಯಾಮ್‌ನ ತಲೆಮಾರೂ ಹೊಂದಬೇಕು: ಡಿಡಿಆರ್4 ಸ್ಲಾಟಿಗೆ ಅದರ ನಂತರದ ಡಿಡಿಆರ್5 ಕೂರುವುದಿಲ್ಲ. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಸ್ಲಾಟೇ ಇಲ್ಲ, ಈ ಉಪಾಯ ನಡೆಯದು.